ಲಂಡನ್‌ನಿಂದ ಪ್ಯಾರಿಸ್‌ಗೆ: ದೂರದ ಲೆಕ್ಕ, ಹೊತ್ತಿನ ಲೆಕ್ಕ

ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವಿನ ನೇರ ದೂರ ಸುಮಾರು 344 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಕ್ಷೆಯ ಮೇಲೆ ಗೆರೆ ಎಳೆದರೆ ಬರುವ ದೂರಕ್ಕಿಂತ ಇದು ತುಸು ಕಡಿಮೆಯೇ. ವಿಮಾನಯಾನ ಸಂಸ್ಥೆಗಳ ವೇಳಾಪಟ್ಟಿ ನೋಡಿದರೆ ಈ ದಾರಿಗೆ ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆಯವರೆಗಿನ ಅವಧಿ ಕಾಣಸಿಗುತ್ತದೆ. ಪ್ರವಾಸಕ್ಕೆ ಹೊರಡುವವರು ಮೊದಲು ಹುಡುಕುವುದು ಈ ಎರಡು ಅಂಕಿಗಳನ್ನೇ, ಮತ್ತು ಎರಡೂ ನಿಜವೇ. ಆದರೆ ಮೊದಲನೆಯದು ಯಾವ ವಾಹನವೂ ಯಥಾವತ್ತಾಗಿ ಅನುಸರಿಸದ ಗೆರೆಯೊಂದರ ಉದ್ದವಾದರೆ, ಎರಡನೆಯದು ಪ್ರಯಾಣಿಕರು ಒಂದು ಊರಿನ ಮನೆ ಬಿಟ್ಟು ಇನ್ನೊಂದು ಊರಿನ ಕೊಠಡಿ ಸೇರುವವರೆಗೆ ಹಿಡಿಯುವ ಒಟ್ಟು ಹೊತ್ತಿನಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ. ಯಾವ ಎರಡು ಬಿಂದುಗಳ ನಡುವಿನ ದೂರ, ಯಾವ ಕ್ಷಣದಿಂದ ಯಾವ ಕ್ಷಣದವರೆಗಿನ ಹೊತ್ತು ಎಂಬುದನ್ನು ವಿಚಾರಿಸಿಕೊಳ್ಳದೆ ಈ ಅಂಕಿಗಳನ್ನು ನೆಚ್ಚಿ ಟಿಕೆಟ್ ಕೊಂಡವರಿಗೆ ಹಣವೂ ದಿನವೂ ವ್ಯರ್ಥವಾಗುವ ಸಂಭವವಿದೆ.

ಭೂಮಿ ಗೋಳಾಕಾರದ್ದಾಗಿರುವುದರಿಂದ ಅದರ ಮೇಲ್ಮೈಯಲ್ಲಿ ಎರಡು ಸ್ಥಳಗಳನ್ನು ಸೇರಿಸುವ ಅತಿ ಹತ್ತಿರದ ದಾರಿ ಒಂದು ಕಮಾನಾಗಿರುತ್ತದೆ. ಭೂಗೋಳದ ಕೇಂದ್ರದ ಮೂಲಕ ಹಾಯ್ದು ಅದನ್ನು ಸರಿಯಾಗಿ ಎರಡು ಹೋಳು ಮಾಡುವ ಸಮತಲವೊಂದನ್ನು ಕಲ್ಪಿಸಿಕೊಂಡರೆ ಮೇಲ್ಮೈಯಲ್ಲಿ ಮೂಡುವ ವೃತ್ತಕ್ಕೆ ಮಹಾವೃತ್ತ ಎಂದು ಹೆಸರು. ವಾಯುಯಾನದ ಪರಿಭಾಷೆಯಲ್ಲಿ ಎರಡು ಊರುಗಳ ನಡುವಿನ ದೂರವೆಂದರೆ ಅವೆರಡನ್ನೂ ಸೇರಿಸುವ ಮಹಾವೃತ್ತದ ತುಂಡಿನ ಉದ್ದ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊದಂಥ ದೂರದ ಊರುಗಳಿಗೆ ಈ ಲೆಕ್ಕ ಮಾಡಲು ಗೋಳೀಯ ತ್ರಿಕೋನಮಿತಿ ಬೇಕು, ಆದರೆ ಲಂಡನ್ ಮತ್ತು ಪ್ಯಾರಿಸ್‌ನಷ್ಟು ಹತ್ತಿರದ ಊರುಗಳಿಗೆ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಸಾಕಾಗುತ್ತದೆ. ಲಂಡನ್ನಿನ ನಡುಭಾಗ ಉತ್ತರ ಅಕ್ಷಾಂಶ 51.51 ಡಿಗ್ರಿ, ಪಶ್ಚಿಮ ರೇಖಾಂಶ 0.13 ಡಿಗ್ರಿಯಲ್ಲಿದೆ; ಪ್ಯಾರಿಸ್ಸಿನದು ಉತ್ತರ ಅಕ್ಷಾಂಶ 48.86, ಪೂರ್ವ ರೇಖಾಂಶ 2.35. ಅಕ್ಷಾಂಶಗಳ ವ್ಯತ್ಯಾಸ 2.65 ಡಿಗ್ರಿಯಾಗಿದ್ದು, ಒಂದು ಡಿಗ್ರಿಗೆ ಸುಮಾರು 111 ಕಿ.ಮೀ.ನಂತೆ ದಕ್ಷಿಣಕ್ಕೆ ಸಾಗಬೇಕಾದದ್ದು 295 ಕಿ.ಮೀ. ರೇಖಾಂಶಗಳ ವ್ಯತ್ಯಾಸ 2.48 ಡಿಗ್ರಿ, ರೇಖಾಂಶದ ಗೆರೆಗಳು ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಐವತ್ತನೆಯ ಅಕ್ಷಾಂಶದ ಆಸುಪಾಸಿನಲ್ಲಿ ಒಂದು ಡಿಗ್ರಿಯ ಅಗಲ 71 ಕಿ.ಮೀ.ಗೆ ಇಳಿದಿರುತ್ತದೆ, ಹೀಗಾಗಿ ಪೂರ್ವಕ್ಕೆ ಸಾಗಬೇಕಾದದ್ದು ಸುಮಾರು 177 ಕಿ.ಮೀ. ಈ ಎರಡೂ ಸಂಖ್ಯೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 344 ಬರುತ್ತದೆ. ಯೂರೋಪಿನ ಯಾವುದೇ ಎರಡು ನೆರೆಯ ನಗರಗಳಿಗೆ ಓದುಗರು ಇದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು.

ಇಂದು ಕ್ಷಣದಲ್ಲಿ ದೊರೆಯುವ ಈ ಅಂಕಿಯ ಹಿಂದೆ ಎರಡೂ ದೇಶಗಳ ವಿಜ್ಞಾನಿಗಳು ವರ್ಷಗಟ್ಟಲೆ ಪಟ್ಟ ಶ್ರಮವಿದೆ. ಗ್ರೀನಿಚ್ ಮತ್ತು ಪ್ಯಾರಿಸ್ ಖಗೋಳ ವೀಕ್ಷಣಾಲಯಗಳ ಪರಸ್ಪರ ಸ್ಥಾನದ ಬಗ್ಗೆ ಖಚಿತತೆಯಿಲ್ಲವೆಂದು ಫ್ರೆಂಚ್ ಖಗೋಳಜ್ಞ ಸೀಸರ್ ಫ್ರಾನ್ಸ್ವಾ ಕ್ಯಾಸಿನಿ 1783ರಲ್ಲಿ ಬ್ರಿಟಿಷರ ಗಮನಕ್ಕೆ ತಂದ ಮೇಲೆ, ಸೇನಾಧಿಕಾರಿ ವಿಲಿಯಂ ರಾಯ್ ಅವರ ನೇತೃತ್ವದಲ್ಲಿ 1784ರಲ್ಲಿ ಅಳತೆ ಆರಂಭವಾಯಿತು. ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್‌ಲೋ ಹೀತ್ ಎಂಬ ಸಮತಟ್ಟಾದ ಬಯಲಿನಲ್ಲಿ ಎಂಟು ಕಿ.ಮೀ.ಗೂ ತುಸು ಹೆಚ್ಚು ಉದ್ದದ ಆಧಾರರೇಖೆಯನ್ನು, ಅಂದರೆ ಮುಂದಿನ ಎಲ್ಲ ಲೆಕ್ಕಗಳಿಗೂ ಬುನಾದಿಯಾಗುವ ಒಂದು ಗೆರೆಯನ್ನು, ಅತ್ಯಂತ ಎಚ್ಚರದಿಂದ ನೆಲದ ಮೇಲೆ ಅಳೆಯಲಾಯಿತು. ಆ ಗೆರೆಯಿಂದ ಹೊರಟು, ಕೋನಗಳನ್ನು ಮಾತ್ರ ಅಳೆಯುತ್ತ ತ್ರಿಕೋನದ ಮೇಲೆ ತ್ರಿಕೋನ ಕಟ್ಟಿಕೊಂಡು, ಇಂಗ್ಲಿಷ್ ಕಾಲುವೆಯ ಆಚೆ ದಡದ ಫ್ರೆಂಚ್ ತ್ರಿಕೋನಗಳ ಜಾಲಕ್ಕೆ ಇದನ್ನು ಜೋಡಿಸಲಾಯಿತು. ತ್ರಿಕೋನ ಸರ್ವೇಕ್ಷಣೆ ಎಂದು ಕರೆಯುವ ಈ ವಿಧಾನ ಕನ್ನಡ ನಾಡಿಗೂ ಹೊಸತಲ್ಲ. ಭಾರತದ ಮಹಾ ತ್ರಿಕೋನ ಸರ್ವೇಕ್ಷಣೆಗೆ ನಾಂದಿ ಹಾಡಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಅಳೆದ ಆಧಾರರೇಖೆ ಇದೇ ಪರಂಪರೆಗೆ ಸೇರಿದ್ದು. ಹೌನ್ಸ್‌ಲೋ ಗೆರೆಯ ಒಂದು ತುದಿ ಇಂದಿನ ಹೀಥ್ರೋ ವಿಮಾನ ನಿಲ್ದಾಣದ ಅಂಚಿನಲ್ಲಿಯೇ ಇದ್ದು, ಅದನ್ನು ಗುರುತಿಸಲು ನೆಲದಲ್ಲಿ ನೆಟ್ಟ ಹಳೆಯ ಫಿರಂಗಿಯ ನಳಿಗೆಯನ್ನು ಅಲ್ಲಿ ಉಳಿಸಿಕೊಳ್ಳಲಾಗಿದೆ.

ವಿಮಾನಗಳು ಹೊರಡುವುದು ನಗರದ ನಡುಭಾಗದಿಂದಲ್ಲ ಎಂಬುದರಿಂದ ಲೆಕ್ಕ ಮುಂದೆ ಬೇರೆಯಾಗುತ್ತದೆ. ಲಂಡನ್ ಹೆಸರಿನಲ್ಲಿ ಹೀಥ್ರೋ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಸೌತ್ಎಂಡ್ ಎಂಬ ಆರು ವಿಮಾನ ನಿಲ್ದಾಣಗಳಿದ್ದು, ಪ್ಯಾರಿಸ್ ಹೆಸರಿನಲ್ಲಿ ಶಾರ್ಲ್ ದ ಗಾಲ್, ಓರ್ಲಿ, ಬೊವೆ ಎಂಬ ಮೂರಿವೆ. ಹೀಥ್ರೋದಿಂದ ಶಾರ್ಲ್ ದ ಗಾಲ್‌ಗೆ ಮಹಾವೃತ್ತ ದೂರ ಸುಮಾರು 348 ಕಿ.ಮೀ., ಅಂದರೆ ವಿಮಾನ ಚಾಲಕರ ಅಳತೆಯಲ್ಲಿ 188 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.ಗೆ ಸಮ. ಲಂಡನ್ನಿನ ದಕ್ಷಿಣಕ್ಕಿರುವ ಗ್ಯಾಟ್ವಿಕ್‌ನಿಂದ ಹೊರಟರೆ ಇದು ಸುಮಾರು 307 ಕಿ.ಮೀ.ಗೆ ಇಳಿಯುತ್ತದೆ, ಉತ್ತರಕ್ಕಿರುವ ಲೂಟನ್‌ನಿಂದಾದರೆ 380ಕ್ಕೆ ಏರುತ್ತದೆ. ಗಾಳಿಯಲ್ಲಿ ಈ ಎಪ್ಪತ್ತು ಕಿಲೋಮೀಟರುಗಳ ಅಂತರ ಆರೇಳು ನಿಮಿಷದ ಮಾತು, ಆದರೆ ನೆಲದ ಮೇಲೆ ಅದೇ ಅಂತರ ಒಂದು ಗಂಟೆಯನ್ನು ನುಂಗಬಲ್ಲದು. ಆದ್ದರಿಂದ ಟಿಕೆಟ್ ಕೊಳ್ಳುವಾಗ ಊರಿನ ಹೆಸರಿಗಿಂತ ನಿಲ್ದಾಣದ ಮೂರಕ್ಷರದ ಸಂಕೇತವನ್ನು ನೋಡುವುದು ಮುಖ್ಯ. ಎಲ್‌ಎಚ್‌ಆರ್ ಎಂದರೆ ಹೀಥ್ರೋ, ಎಲ್‌ಜಿಡಬ್ಲ್ಯು ಎಂದರೆ ಗ್ಯಾಟ್ವಿಕ್, ಎಲ್‌ಟಿಎನ್ ಎಂದರೆ ಲೂಟನ್, ಸಿಡಿಜಿ ಎಂದರೆ ಶಾರ್ಲ್ ದ ಗಾಲ್, ಓಆರ್‌ವೈ ಎಂದರೆ ಓರ್ಲಿ. ಬಿವಿಎ ಎಂಬ ಸಂಕೇತದ ಬೊವೆ ನಿಲ್ದಾಣ ಪ್ಯಾರಿಸ್ ಹೆಸರು ಹೊತ್ತಿದ್ದರೂ ನಗರದಿಂದ ಸುಮಾರು 85 ಕಿ.ಮೀ. ಉತ್ತರಕ್ಕಿದೆ ಎಂಬುದನ್ನು ಅಗ್ಗದ ಟಿಕೆಟ್ ಹುಡುಕುವವರು ಮರೆಯಬಾರದು.

ಇನ್ನು ಹಾರಾಟದ ಹೊತ್ತು. ಏರ್‌ಬಸ್ ಎ320 ಮಾದರಿಯ ವಿಮಾನ ತನ್ನ ಪೂರ್ಣ ಎತ್ತರದಲ್ಲಿ ಗಂಟೆಗೆ 830 ಕಿ.ಮೀ.ನ ಆಸುಪಾಸಿನ ವೇಗದಲ್ಲಿ ಸಾಗುತ್ತದೆ. ಆ ವೇಗದಲ್ಲಿ 348 ಕಿ.ಮೀ. ಕ್ರಮಿಸಲು ಬೇಕಾದದ್ದು ಕೇವಲ 25 ನಿಮಿಷ. ಹಾಗಿದ್ದೂ ವೇಳಾಪಟ್ಟಿ ಅದರ ಮೂರು ಪಟ್ಟು ಹೊತ್ತನ್ನು ತೋರಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ‘ಬ್ಲಾಕ್ ಟೈಮ್’ ಎಂಬ ಪರಿಕಲ್ಪನೆಯಲ್ಲಿದೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಹಿಡಿದು ಇನ್ನೊಂದು ನಿಲ್ದಾಣದ ತನ್ನ ಜಾಗದಲ್ಲಿ ಪೂರ್ತಿ ನಿಂತ ಕ್ಷಣದವರೆಗಿನ ಅವಧಿಯೇ ಬ್ಲಾಕ್ ಟೈಮ್. ಟಿಕೆಟ್ಟಿನ ಮೇಲೆ ಅಚ್ಚಾಗುವುದು ಈ ಅವಧಿ. ಹೀಥ್ರೋದಲ್ಲಿ ಇರುವುದು ಎರಡೇ ರನ್‌ವೇಗಳು ಮತ್ತು ಅವು ದಿನವಿಡೀ ಬಿಡುವಿಲ್ಲದೆ ಬಳಕೆಯಾಗುವುದರಿಂದ, ಟರ್ಮಿನಲ್ ಬಿಟ್ಟ ವಿಮಾನ ಸಾಲಿನಲ್ಲಿ ನಿಂತು ತನ್ನ ಸರದಿಗಾಗಿ ಹದಿನೈದು ಇಪ್ಪತ್ತು ನಿಮಿಷ ಕಾಯುವುದು ಸಾಮಾನ್ಯ. ಮೇಲೇರಿದ ಮೇಲೂ ಅದು ನೇರವಾಗಿ ಪ್ಯಾರಿಸ್ಸಿನತ್ತ ಮುಖ ಮಾಡುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹಾರಬೇಕಾದ್ದರಿಂದ ಹೆಚ್ಚಿನ ದಿನಗಳಲ್ಲಿ ಮೊದಲು ಪಶ್ಚಿಮಕ್ಕೆ, ಅಂದರೆ ಪ್ಯಾರಿಸ್ಸಿಗೆ ಬೆನ್ನು ಹಾಕಿ ಏರಿ, ಆಮೇಲೆ ಗೊತ್ತುಪಡಿಸಿದ ದಾರಿ ಹಿಡಿದು ತಿರುಗುತ್ತದೆ. ಏರುವುದಕ್ಕೆ ಇಪ್ಪತ್ತು ನಿಮಿಷ, ಇಳಿಯುವುದಕ್ಕೆ ಅಷ್ಟೇ ಹೊತ್ತು ಬೇಕಾಗುವ ಈ ಕಿರುಹಾದಿಯಲ್ಲಿ ಪೂರ್ಣ ವೇಗದ ಹಾರಾಟ ಕೆಲವೇ ನಿಮಿಷಗಳದ್ದು. ಸಿಬ್ಬಂದಿ ಚಹಾ ಹಂಚಿ ಮುಗಿಸುವಷ್ಟರಲ್ಲಿ ಇಳಿಯುವ ಸೂಚನೆ ಬಂದಿರುತ್ತದೆ. ಗಾಲಿಗಳು ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಒಟ್ಟು ಸುಮಾರು 45ರಿಂದ 55 ನಿಮಿಷ ಹಿಡಿಯುತ್ತದೆ, ಉಳಿದದ್ದೆಲ್ಲ ನೆಲದ ಮೇಲಿನ ಹೊತ್ತು.

ಮರುದಾರಿಯಲ್ಲಿ, ಅಂದರೆ ಪ್ಯಾರಿಸ್ಸಿನಿಂದ ಲಂಡನ್ನಿಗೆ ಬರುವಾಗ, ಹೊತ್ತು ಕೆಲವು ನಿಮಿಷ ಹೆಚ್ಚುವುದುಂಟು. ಈ ಅಕ್ಷಾಂಶಗಳಲ್ಲಿ ಮೇಲ್ಗಾಳಿ ಬಹುಮಟ್ಟಿಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ಹಿಂಗಾಳಿಯಾಗಿದ್ದದ್ದು ಬರುವಾಗ ಎದುರುಗಾಳಿಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಹೀಥ್ರೋದ ಸುತ್ತಲಿನ ಕಾಯುವ ತಾಣಗಳು. ಬವಿಂಗ್ಡನ್, ಲ್ಯಾಂಬೋರ್ನ್, ಓಕಂ, ಬಿಗಿನ್ ಎಂಬ ನಾಲ್ಕು ಸ್ಥಳಗಳ ಮೇಲೆ ವಿಮಾನಗಳು ಒಂದರ ಮೇಲೊಂದು ನಿಗದಿತ ಎತ್ತರಗಳಲ್ಲಿ ಸುತ್ತು ಹಾಕುತ್ತ, ಕೆಳಗಿನದು ಇಳಿದಂತೆ ಮೇಲಿನವು ಒಂದೊಂದು ಮೆಟ್ಟಿಲು ಕೆಳಗೆ ಬರುವ ವ್ಯವಸ್ಥೆ ಅಲ್ಲಿದೆ. ವಿಮಾನಯಾನ ಸಂಸ್ಥೆಗಳು ಇಂಥ ವಿಳಂಬವನ್ನು ಮುಂಚಿತವಾಗಿಯೇ ಲೆಕ್ಕಕ್ಕೆ ಹಿಡಿದು ವೇಳಾಪಟ್ಟಿ ಬರೆಯುತ್ತವೆ. ದಟ್ಟಣೆ ಕಡಿಮೆಯಿದ್ದ ದಿನ ವಿಮಾನ ಹತ್ತು ಹದಿನೈದು ನಿಮಿಷ ಮುಂಚೆಯೇ ತಲುಪಿಬಿಡುವುದಕ್ಕೆ ಇದೇ ಕಾರಣ.

ಟಿಕೆಟ್ಟಿನ ಮೇಲಿನ ವೇಳೆಯನ್ನು ಓದುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಪ್ಯಾರಿಸ್ಸಿನ ಗಡಿಯಾರ ಲಂಡನ್ನಿನದಕ್ಕಿಂತ ವರ್ಷದುದ್ದಕ್ಕೂ ಒಂದು ಗಂಟೆ ಮುಂದಿರುತ್ತದೆ. ಬೆಳಗ್ಗೆ 9ಕ್ಕೆ ಲಂಡನ್ ಬಿಟ್ಟು 11.20ಕ್ಕೆ ಪ್ಯಾರಿಸ್ ತಲುಪುವುದೆಂದು ಅಚ್ಚಾಗಿದ್ದರೆ ಪ್ರಯಾಣದ ಅವಧಿ ಎರಡು ಗಂಟೆ ಇಪ್ಪತ್ತು ನಿಮಿಷವಲ್ಲ, ಒಂದು ಗಂಟೆ ಇಪ್ಪತ್ತು ನಿಮಿಷ. ಅದೇ ರೀತಿ ಮಧ್ಯಾಹ್ನ 12ಕ್ಕೆ ಪ್ಯಾರಿಸ್ ಬಿಟ್ಟು 12.20ಕ್ಕೆ ಲಂಡನ್ ಸೇರುವ ವಿಮಾನವೂ ಹಾರುವುದು ಅಷ್ಟೇ ಹೊತ್ತು. ಎರಡೂ ದೇಶಗಳು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಒಂದೇ ಕ್ಷಣದಲ್ಲಿ ತಮ್ಮ ಗಡಿಯಾರಗಳನ್ನು ಬದಲಿಸುವುದರಿಂದ ಈ ಒಂದು ಗಂಟೆಯ ಅಂತರ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಹಾಗೆಯೇ ಉಳಿಯುತ್ತದೆ, ಆದರೆ ಭಾರತದೊಂದಿಗಿನ ಅಂತರ ಬದಲಾಗುತ್ತದೆ: ಚಳಿಗಾಲದಲ್ಲಿ ಭಾರತ ಲಂಡನ್ನಿಗಿಂತ ಐದೂವರೆ, ಪ್ಯಾರಿಸ್ಸಿಗಿಂತ ನಾಲ್ಕೂವರೆ ಗಂಟೆ ಮುಂದಿದ್ದರೆ, ಬೇಸಿಗೆಯಲ್ಲಿ ಅವು ನಾಲ್ಕೂವರೆ ಮತ್ತು ಮೂರೂವರೆಗೆ ಇಳಿಯುತ್ತವೆ. ಸೂರ್ಯನ ಲೆಕ್ಕದಲ್ಲಿ ನೋಡಿದರೆ ಗ್ರೀನಿಚ್ ಮತ್ತು ಪ್ಯಾರಿಸ್ ವೀಕ್ಷಣಾಲಯಗಳ ನಡುವಿನ ವ್ಯತ್ಯಾಸ 9 ನಿಮಿಷ 21 ಸೆಕೆಂಡ್ ಮಾತ್ರ. ಫ್ರಾನ್ಸ್ 1911ರಲ್ಲಿ ತನ್ನ ಕಾಲವನ್ನು ಅಷ್ಟು ಹಿಂದಕ್ಕೆ ಸರಿಸಿ ಗ್ರೀನಿಚ್ ಕಾಲಕ್ಕೆ ಹೊಂದಿಸಿಕೊಂಡಿತ್ತು. 1940ರಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ಹಿಡಿದಾಗ ಬರ್ಲಿನ್ ಕಾಲ ಜಾರಿಗೆ ಬಂತು, ಮತ್ತು ಯುದ್ಧ ಮುಗಿದ ಮೇಲೂ ಫ್ರಾನ್ಸ್ ಮಧ್ಯ ಯೂರೋಪಿನ ಕಾಲದಲ್ಲಿಯೇ ಮುಂದುವರಿಯಿತು.

ನಿತ್ಯದ ಅಂತರರಾಷ್ಟ್ರೀಯ ವಿಮಾನ ಸೇವೆಯ ಚರಿತ್ರೆಯಲ್ಲಿ ಈ ಮಾರ್ಗಕ್ಕೆ ಮೊದಲ ಸಾಲಿನ ಸ್ಥಾನವಿದೆ. 1919ರ ಆಗಸ್ಟ್ 25ರಂದು ಏರ್‌ಕ್ರಾಫ್ಟ್ ಟ್ರಾನ್ಸ್‌ಪೋರ್ಟ್ ಅಂಡ್ ಟ್ರಾವೆಲ್ ಎಂಬ ಸಂಸ್ಥೆಯ ಡಿ ಹ್ಯಾವಿಲ್ಯಾಂಡ್ ಡಿಎಚ್4ಎ ವಿಮಾನ, ರಾಯ್ ಅವರು ಗೆರೆ ಅಳೆದ ಅದೇ ಹೌನ್ಸ್‌ಲೋ ಹೀತ್ ಬಯಲಿನಿಂದ ಹೊರಟು, ಒಬ್ಬನೇ ಒಬ್ಬ ಪ್ರಯಾಣಿಕನನ್ನೂ, ಒಂದಿಷ್ಟು ಪತ್ರಿಕೆಗಳನ್ನೂ, ಡೆವನ್‌ಶೈರ್ ಕೆನೆಯ ಡಬ್ಬಗಳನ್ನೂ, ಗ್ರೌಸ್ ಎಂಬ ಬೇಟೆಹಕ್ಕಿಗಳನ್ನೂ ಹೊತ್ತು ಸುಮಾರು ಎರಡೂವರೆ ಗಂಟೆಯಲ್ಲಿ ಪ್ಯಾರಿಸ್ಸಿನ ಲ ಬೂರ್ಜೆ ತಲುಪಿತು. 1950ರ ಜುಲೈ 29ರಂದು ವೈಕರ್ಸ್ ವೈಕೌಂಟ್ ವಿಮಾನ ಲಂಡನ್ನಿನ ನಾರ್ಥೋಲ್ಟ್‌ನಿಂದ ಲ ಬೂರ್ಜೆಗೆ ಹಾರಿದಾಗ, ಟರ್ಬೊಪ್ರಾಪ್ ಎಂಜಿನ್, ಅಂದರೆ ಅನಿಲ ಟರ್ಬೈನಿನಿಂದ ರೆಕ್ಕೆಪಂಕವನ್ನು ತಿರುಗಿಸುವ ಎಂಜಿನ್, ಪ್ರಯಾಣಿಕರ ನಿತ್ಯ ಸೇವೆಗೆ ಬಳಕೆಯಾದದ್ದು ಜಗತ್ತಿನಲ್ಲಿಯೇ ಮೊದಲ ಬಾರಿಯಾಗಿತ್ತು. ಅದು ತೆಗೆದುಕೊಂಡ ಹೊತ್ತು ಒಂದು ಗಂಟೆಯ ಆಸುಪಾಸು. ವಿಮಾನಗಳು ಆ ಬಳಿಕ ಎಷ್ಟು ಸುಧಾರಿಸಿದರೂ ಈ ದಾರಿಯ ಹೊತ್ತು ಕಡಿಮೆಯಾಗಿಲ್ಲ. ಇಲ್ಲಿ ಹೊತ್ತನ್ನು ತಿನ್ನುವುದು ನಿಲ್ದಾಣಗಳ ದಟ್ಟಣೆಯೇ ಹೊರತು ಎಂಜಿನ್ನಿನ ಶಕ್ತಿಯಲ್ಲ.

ಹೊತ್ತು ನಿಜವಾಗಿ ಇಳಿದದ್ದು ರೈಲಿನಲ್ಲಿ. ಇಂಗ್ಲಿಷ್ ಕಾಲುವೆಯ ಅಡಿಯ ಸುರಂಗವನ್ನು ರಾಣಿ ಎರಡನೆಯ ಎಲಿಜಬೆತ್ ಮತ್ತು ಅಧ್ಯಕ್ಷ ಫ್ರಾನ್ಸ್ವಾ ಮಿತ್ತೆರಾಂ 1994ರ ಮೇ 6ರಂದು ಉದ್ಘಾಟಿಸಿದರು. ಅದೇ ವರ್ಷದ ನವೆಂಬರ್ 14ರಂದು ಯೂರೋಸ್ಟಾರ್ ಪ್ರಯಾಣಿಕ ರೈಲು ಆರಂಭವಾಯಿತು. ಸುರಂಗದ ಉದ್ದ 50.45 ಕಿ.ಮೀ., ಅದರಲ್ಲಿ ಸಮುದ್ರದ ತಳದ ಕೆಳಗೆ ಸಾಗುವ ಭಾಗ ಸುಮಾರು 38 ಕಿ.ಮೀ.; ರೈಲುಗಳಿಗೆ ಎರಡು ಕೊಳವೆಗಳೂ, ದುರಸ್ತಿ ಹಾಗೂ ರಕ್ಷಣಾ ಕಾರ್ಯಕ್ಕೆ ಅವುಗಳ ನಡುವೆ ಮೂರನೆಯ ಒಂದು ಕೊಳವೆಯೂ ಇವೆ. ಮೊದಮೊದಲು ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಹಳೆಯ ಹಳಿಗಳ ಮೇಲೆ ನಿಧಾನವಾಗಿ ಸಾಗುತ್ತಿದ್ದ ರೈಲಿಗೆ ಮೂರು ಗಂಟೆ ಬೇಕಾಗುತ್ತಿತ್ತು. ಬ್ರಿಟನ್ನಿನ ಕಡೆಯ ಅತಿವೇಗದ ಹಳಿ ಪೂರ್ಣಗೊಂಡು 2007ರ ನವೆಂಬರ್ 14ರಿಂದ ಸೇಂಟ್ ಪ್ಯಾಂಕ್ರಸ್ ನಿಲ್ದಾಣಕ್ಕೆ ಸೇವೆ ಸ್ಥಳಾಂತರವಾದ ಮೇಲೆ ಅತಿ ವೇಗದ ರೈಲು ಎರಡೂಕಾಲು ಗಂಟೆಯಲ್ಲಿ ಪ್ಯಾರಿಸ್ಸಿನ ಗಾರ್ ದ್ಯು ನಾರ್ ಸೇರುತ್ತದೆ. ಹಳಿಯ ದೂರ 492 ಕಿ.ಮೀ., ಅಂದರೆ ನೇರ ಗೆರೆಗಿಂತ ಸುಮಾರು 150 ಕಿ.ಮೀ. ಹೆಚ್ಚು, ಏಕೆಂದರೆ ರೈಲು ಕಾಲುವೆ ಅತ್ಯಂತ ಕಿರಿದಾಗುವ ಡೋವರ್ ಮತ್ತು ಕ್ಯಾಲೆ ಕಡೆಗೆ ಪೂರ್ವಕ್ಕೆ ಸುತ್ತಿ ಹೋಗುತ್ತದೆ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡುವ ಈ ರೈಲು ಸುರಂಗದೊಳಗೆ 160ಕ್ಕೆ ಇಳಿದು ಇಪ್ಪತ್ತು ನಿಮಿಷದಲ್ಲಿ ಆಚೆ ಬರುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ದೂರ ಸುಮಾರು 460 ಕಿ.ಮೀ.; ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿನ ಮೇಲೇರಿಸಿ 35 ನಿಮಿಷದಲ್ಲಿ ಸುರಂಗ ದಾಟಬಹುದು, ಇಲ್ಲವೇ ಡೋವರ್‌ನಿಂದ ಒಂದೂವರೆ ಗಂಟೆಯ ಹಡಗಿನಲ್ಲಿ ಹೋಗಬಹುದು.

ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಲಂಡನ್ನಿನ ನಡುಭಾಗದಲ್ಲಿ ಉಳಿದುಕೊಂಡವರು ಪಿಕಡಿಲಿ ಮಾರ್ಗದ ಮೆಟ್ರೋದಲ್ಲಿ ಹೀಥ್ರೋ ತಲುಪಲು ಒಂದು ಗಂಟೆ, ನಿಲ್ದಾಣದಲ್ಲಿ ಎರಡು ಗಂಟೆ, ಬ್ಲಾಕ್ ಟೈಮ್ ಒಂದು ಗಂಟೆ ಇಪ್ಪತ್ತು ನಿಮಿಷ, ಶಾರ್ಲ್ ದ ಗಾಲ್‌ನಲ್ಲಿ ಪಾಸ್‌ಪೋರ್ಟ್ ತಪಾಸಣೆಗೂ ಸಾಮಾನಿಗೂ ಮುಕ್ಕಾಲು ಗಂಟೆ, ಆರ್‌ಇಆರ್ ಬಿ ಎಂಬ ಉಪನಗರ ರೈಲಿನಲ್ಲಿ ನಗರ ಸೇರಲು ನಡಿಗೆಯೂ ಸೇರಿ ಮುಕ್ಕಾಲು ಗಂಟೆ ಎಂದು ಹಿಡಿದರೆ ಆರು ಗಂಟೆ ಮುಟ್ಟುತ್ತದೆ. ರೈಲಿನಲ್ಲಿ ಸೇಂಟ್ ಪ್ಯಾಂಕ್ರಸ್ ತಲುಪಲು ಅರ್ಧ ಗಂಟೆ, ತಪಾಸಣೆಗೆ ಒಂದೂಕಾಲರಿಂದ ಒಂದೂವರೆ ಗಂಟೆ, ಪ್ರಯಾಣ ಎರಡು ಗಂಟೆ ಇಪ್ಪತ್ತು ನಿಮಿಷ, ಇಳಿದ ಮೇಲೆ ಅರ್ಧ ಗಂಟೆ ಎಂದಾದರೆ ನಾಲ್ಕೂವರೆಯಿಂದ ಐದು ಗಂಟೆಯೊಳಗೆ ಮುಗಿಯುತ್ತದೆ. ಎರಡೂ ನಗರಗಳ ನಡುಭಾಗದಲ್ಲಿ ಕೆಲಸವಿರುವವರಿಗೆ ರೈಲೇ ಸರಿಯಾದ ಆಯ್ಕೆ ಎಂಬುದರಲ್ಲಿ ಅನುಮಾನಕ್ಕೆಡೆಯಿಲ್ಲ. ವಿದ್ಯುತ್ತಿನಿಂದ ಓಡುವ ರೈಲು ವಾತಾವರಣಕ್ಕೆ ಸೇರಿಸುವ ಇಂಗಾಲ ವಿಮಾನದ್ದಕ್ಕಿಂತ ಎಷ್ಟೋ ಕಡಿಮೆ ಎಂಬುದೂ ಇದಕ್ಕೆ ಬಲ ಕೊಡುವ ಸಂಗತಿ. ಆದರೆ ಹೀಥ್ರೋ ಬಳಿಯ ಸ್ಲೌ, ಹೌನ್ಸ್‌ಲೋ ಕಡೆ ವಾಸಿಸುವವರಿಗೆ, ಇಲ್ಲವೇ ಇನ್ನೊಂದು ವಿಮಾನದಿಂದ ಇಳಿದು ಮುಂದಕ್ಕೆ ಹೋಗಬೇಕಾದವರಿಗೆ, ವಿಮಾನವೇ ಅನುಕೂಲವಾದೀತು. ರೈಲಿನ ಟಿಕೆಟ್ ದರ ದಿನ ಹತ್ತಿರವಾದಂತೆ ಏರುವುದರಿಂದ ಕೆಲವು ವಾರ ಮುಂಚಿತವಾಗಿ ಕಾದಿರಿಸುವುದು ಲೇಸು.

ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ದೂರ, ಹೊತ್ತುಗಳಿಗಿಂತಲೂ ಮುಖ್ಯವಾದದ್ದು ವೀಸಾ. ಗಡಿ ತಪಾಸಣೆಯಿಲ್ಲದೆ ಪರಸ್ಪರ ಓಡಾಟಕ್ಕೆ ಒಪ್ಪಿಕೊಂಡ ಯೂರೋಪಿನ ದೇಶಗಳ ಕೂಟವಾದ ಷೆಂಗೆನ್‌ನಲ್ಲಿ ಫ್ರಾನ್ಸ್ ಇದೆ, ಬ್ರಿಟನ್ ಇಲ್ಲ. ಆದ್ದರಿಂದ ಎರಡೂ ನಗರಗಳನ್ನು ನೋಡುವವರಿಗೆ ಎರಡು ಬೇರೆ ಬೇರೆ ವೀಸಾಗಳು ಬೇಕು; ಲಂಡನ್ನಿನಲ್ಲಿ ಉದ್ಯೋಗದ ವೀಸಾದ ಮೇಲೆ ವರ್ಷಗಳಿಂದ ನೆಲೆಸಿರುವ ಕನ್ನಡಿಗರಿಗೂ, ಅವರು ಭಾರತೀಯ ಪೌರರಾಗಿದ್ದರೆ, ವಾರಾಂತ್ಯದ ಪ್ಯಾರಿಸ್ ಪ್ರವಾಸಕ್ಕೆ ಷೆಂಗೆನ್ ವೀಸಾ ಕಡ್ಡಾಯ. ರೈಲಿನಲ್ಲಿ ಹೋಗುವವರಿಗೆ ಫ್ರಾನ್ಸಿನ ಗಡಿ ಪೊಲೀಸರು ಸೇಂಟ್ ಪ್ಯಾಂಕ್ರಸ್‌ನಲ್ಲಿಯೇ ತಪಾಸಣೆ ಮಾಡುತ್ತಾರೆ, ಬರುವವರಿಗೆ ಬ್ರಿಟಿಷ್ ಅಧಿಕಾರಿಗಳು ಪ್ಯಾರಿಸ್ಸಿನಲ್ಲಿಯೇ ಮಾಡುತ್ತಾರೆ. ಹೀಗಾಗಿ ರೈಲಿನಿಂದ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು ಇರುವುದಿಲ್ಲ, ಆದರೆ ಹತ್ತುವ ಮುನ್ನ ಎರಡು ಸಾಲುಗಳಿರುತ್ತವೆ. ಬೆರಳಚ್ಚು ಮತ್ತು ಭಾವಚಿತ್ರ ದಾಖಲಿಸಿಕೊಳ್ಳುವ ಯೂರೋಪಿಯನ್ ಒಕ್ಕೂಟದ ಹೊಸ ಗಡಿ ವ್ಯವಸ್ಥೆ 2025ರ ಅಕ್ಟೋಬರ್‌ನಲ್ಲಿ ಆರಂಭವಾಗಿರುವುದರಿಂದ ಟಿಕೆಟ್ಟಿನ ಮೇಲೆ ನಮೂದಿಸಿದ ವೇಳೆಗೆ ನಿಲ್ದಾಣದಲ್ಲಿರುವುದು ಅಗತ್ಯ. ಬ್ರಿಟನ್ನಿನಿಂದ ಫ್ರಾನ್ಸಿಗೆ ಮಾಂಸ ಹಾಗೂ ಹಾಲಿನ ಪದಾರ್ಥಗಳನ್ನು ಒಯ್ಯಲು ಅನುಮತಿಯಿಲ್ಲ ಎಂಬುದನ್ನು ಸ್ನೇಹಿತರ ಮನೆಗೆ ತುಪ್ಪವನ್ನೋ ಹಾಲಿನ ಸಿಹಿಯನ್ನೋ ಕಟ್ಟಿಕೊಂಡು ಹೊರಡುವವರು ಗಮನಿಸಬೇಕು.

ಬೆಂಗಳೂರಿನಿಂದ ಲಂಡನ್ನಿಗೂ ಪ್ಯಾರಿಸ್ಸಿಗೂ ನೇರ ವಿಮಾನಗಳಿರುವುದರಿಂದ, ಒಂದು ಊರಿಗೆ ಹೋಗಿ ಇನ್ನೊಂದು ಊರಿನಿಂದ ಮರಳುವ ‘ಓಪನ್ ಜಾ’ ಎಂಬ ಬಗೆಯ ಟಿಕೆಟ್ಟನ್ನು ವಿಚಾರಿಸುವುದು ಜಾಣತನ. ಲಂಡನ್‌ನಲ್ಲಿ ಇಳಿದು, ರೈಲಿನಲ್ಲಿ ಪ್ಯಾರಿಸ್ ಸೇರಿ, ಅಲ್ಲಿಂದಲೇ ಊರಿಗೆ ಮರಳಿದರೆ ಹಿಂದಿರುಗಿ ಬರುವ ಒಂದಿಡೀ ದಿನ ಉಳಿಯುತ್ತದೆ. ಎರಡು ಪ್ರತ್ಯೇಕ ಟಿಕೆಟ್ ಕೊಂಡು ಹೀಥ್ರೋದಲ್ಲಿ ಇಳಿದು ಬೇರೊಂದು ಸಂಸ್ಥೆಯ ಪ್ಯಾರಿಸ್ ವಿಮಾನ ಹಿಡಿಯುವವರು ಸಾಮಾನು ಪಡೆದು ಮತ್ತೆ ಒಪ್ಪಿಸಲು ಬ್ರಿಟನ್ನಿನ ಒಳಕ್ಕೆ ಪ್ರವೇಶಿಸಬೇಕಾಗುವುದರಿಂದ ಅವರಿಗೆ ಬ್ರಿಟಿಷ್ ವೀಸಾ ಬೇಕಾಗುತ್ತದೆ, ಮತ್ತು ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅದರ ಹೊಣೆ ಯಾರ ಮೇಲೂ ಇರುವುದಿಲ್ಲ.

ಆರಂಭದಲ್ಲಿ ಹೇಳಿದ ಮಹಾವೃತ್ತ ದೂರಕ್ಕೆ ಕಾನೂನಿನಲ್ಲಿಯೂ ಬೆಲೆಯಿದೆ. ಯೂರೋಪಿಯನ್ ಒಕ್ಕೂಟದ 2004ರ 261ನೆಯ ನಿಯಮದಂತೆ, ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದಾಗ ಪ್ರಯಾಣಿಕರಿಗೆ ಸಲ್ಲುವ ಪರಿಹಾರ ದೂರವನ್ನು ಅವಲಂಬಿಸಿದ್ದು, ಆ ದೂರವನ್ನು ಮಹಾವೃತ್ತದ ವಿಧಾನದಲ್ಲಿಯೇ ಅಳೆಯಬೇಕೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. 1,500 ಕಿ.ಮೀ.ವರೆಗಿನ ಹಾರಾಟಕ್ಕೆ ಈ ಮೊತ್ತ 250 ಯೂರೋ. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಉಳಿಸಿಕೊಂಡ ತನ್ನ ನಿಯಮದಲ್ಲಿ ಇದು 220 ಪೌಂಡ್. ಪ್ಯಾರಿಸ್ಸಿನಿಂದ ಲಂಡನ್ ಮೂಲಕ ಬೆಂಗಳೂರಿಗೆ ಒಂದೇ ಟಿಕೆಟ್ಟಿನಲ್ಲಿ ಹೊರಟಿದ್ದರೆ ಮೊದಲ ತುಂಡಿನ 348 ಕಿ.ಮೀ. ಲೆಕ್ಕಕ್ಕೆ ಬರುವುದಿಲ್ಲ, ಪ್ಯಾರಿಸ್ ಮತ್ತು ಬೆಂಗಳೂರು ನಡುವಿನ ದೂರವನ್ನು ಹಿಡಿಯಲಾಗುತ್ತದೆ, ಅದು 3,500 ಕಿ.ಮೀ.ಗಿಂತ ಹೆಚ್ಚಾದ್ದರಿಂದ ಪರಿಹಾರ 600 ಯೂರೋವರೆಗೆ ಏರುತ್ತದೆ. ಹವಾಮಾನ ವೈಪರೀತ್ಯ, ವಾಯು ಸಂಚಾರ ನಿಯಂತ್ರಕರ ಮುಷ್ಕರ ಮುಂತಾದ, ಸಂಸ್ಥೆಯ ಕೈಮೀರಿದ ಕಾರಣಗಳಿಂದ ತಡವಾದರೆ ಹಣ ಸಿಗುವುದಿಲ್ಲವಾದರೂ ಕಾಯುವ ಹೊತ್ತಿನ ಊಟೋಪಚಾರ ಮತ್ತು ಅಗತ್ಯವಿದ್ದರೆ ರಾತ್ರಿಯ ವಸತಿಯನ್ನು ಸಂಸ್ಥೆ ಒದಗಿಸಲೇಬೇಕು. ಹೀಗಾಗಿ ಬೋರ್ಡಿಂಗ್ ಪಾಸನ್ನು ಊರು ಸೇರುವವರೆಗೂ ಜೋಪಾನವಾಗಿಟ್ಟುಕೊಂಡು, ತಡವಾದ ಕಾರಣವನ್ನು ಸಂಸ್ಥೆಯ ಸಿಬ್ಬಂದಿಯಿಂದ ಬರಹದಲ್ಲಿ ಪಡೆದುಕೊಳ್ಳಬೇಕು.